ಹತ್ತು ಅಡಿ ದೂರದ ಸಂಗೀತ

ಕಿನ್ನರಿಯ ನಾದವನ್ನು ನೀವು ಹತ್ತಿರದಿಂದ ಕೇಳಿದ್ದೀರಾ? ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ಭೈರವನಿಗೆ ನಡೆದುಕೊಳ್ಳುವ ಜೋಗಿಗಳ ವಾದ್ಯ ಇದು. ಬಿದಿರಿನ ದಂಡ, ಅದಕ್ಕೆ ಕಟ್ಟಿದ ಸೋರೆ ಬುರುಡೆಗಳು, ಲೋಹದ ತಂತಿ, ಇಷ್ಟೇ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಇಪ್ಪತ್ತು ಜನ ಸೇರಿದರೆ ಸಾಕು, ಅರ್ಜುನ ಜೋಗಿಯ ಕಥೆ ಕಳೆಗಟ್ಟುತ್ತದೆ. ಅದೇ ಹಾಡನ್ನು ಫಾಲ್ಗುಣ ಹುಣ್ಣಿಮೆಯ ಜಾತ್ರೆಯ ಗದ್ದಲದಲ್ಲಿ ಧ್ವನಿವರ್ಧಕದಿಂದ ಕೇಳಿದಾಗ ಏನೋ ಕಳೆದುಹೋದಂತೆ ಅನ್ನಿಸುತ್ತದೆ. ಕಳೆದುದೇನು?

ಮೊದಲನೆಯದು ಸೂಕ್ಷ್ಮತೆ. ತೆಳುವಾದ ತಂತಿ ತಾನಾಗಿ ಹೆಚ್ಚು ಗಾಳಿಯನ್ನು ಅಲುಗಿಸಲಾರದು. ಅದರ ಕಂಪನವನ್ನು ಬುರುಡೆಯೂ ಅದರೊಳಗಿನ ಗಾಳಿಯೂ ಪಡೆದು ಹಿಗ್ಗಿಸುತ್ತವೆ. ಆದರೂ ನಾದ ಮೆಲ್ಲನೆಯದೇ. ಬಯಲಿನಲ್ಲಿ ದೂರ ಎರಡರಷ್ಟಾದರೆ ಶಬ್ದದ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. 2 ಮೀಟರ್ ದೂರದಲ್ಲಿ ಕುಳಿತವನಿಗೆ ಸಿಗುವುದರ 64ನೇ ಒಂದು ಭಾಗ ಮಾತ್ರ 16 ಮೀಟರ್ ಆಚೆಯವನಿಗೆ ಸಿಗುತ್ತದೆ. ಜಗಲಿಯ ಗೋಡೆ ಇಲ್ಲಿ ನೆರವಿಗೆ ಬರುತ್ತದೆ. 3 ಮೀಟರ್ ದೂರದ ಗೋಡೆಗೆ ಬಡಿದ ಶಬ್ದ ಸೆಕೆಂಡಿನ ಸುಮಾರು 50ನೇ ಒಂದು ಭಾಗದಲ್ಲಿ ಮರಳುತ್ತದೆ. ಕಿವಿ ಅದನ್ನು ಪ್ರತಿಧ್ವನಿಯೆಂದು ಬೇರ್ಪಡಿಸದೆ ಮೂಲ ನಾದಕ್ಕೇ ಸೇರಿಸಿಕೊಳ್ಳುತ್ತದೆ.

ಧ್ವನಿವರ್ಧಕ ಈ ಕೊರತೆಯನ್ನು ತುಂಬುವುದಿಲ್ಲವೇ ಎಂದು ನೀವು ಕೇಳಬಹುದು. ಶಬ್ದವನ್ನೇನೋ ತುಂಬುತ್ತದೆ. ಆದರೆ ಎರಡನೆಯ ನಷ್ಟವನ್ನು ಅದು ತುಂಬಲಾರದು. ಅದು ಸಂವಾದ. ಗಾಯಕ ಕೇಳುಗರ ಮುಖ ನೋಡಿ ಒಂದು ಸಾಲನ್ನು ಹಿಗ್ಗಿಸುತ್ತಾನೆ, ಇನ್ನೊಂದನ್ನು ಮೊಟಕುಗೊಳಿಸುತ್ತಾನೆ. ನಿಮ್ಮ ‘ಹ್ಞೂಂ’ ಸಹ ಹಾಡಿನ ಭಾಗವೇ. 34 ಮೀಟರ್ ಆಚೆಯಿಂದ ಆ ಉದ್ಗಾರ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ತಾಳ ಹಿಡಿದವರಿಗೆ ಅಷ್ಟು ತಡವೂ ಗೊತ್ತಾಗುತ್ತದೆ.

ಜಾಸ್ ಸಂಗೀತ ಚಿಕ್ಕ ಕೋಣೆಗಳಲ್ಲಿ ಬೆಳೆದುದಕ್ಕೂ ಇಂಥದೇ ಒಂದು ಕಾರಣವಿದೆ. ಗೊತ್ತಾದ ಒಂದು ಚೌಕಟ್ಟು, ಅದರೊಳಗೆ ಆ ಕ್ಷಣದ ಕಲ್ಪನೆ, ವಾದಕರ ನಡುವಿನ ಸವಾಲು–ಜವಾಬು, ಇದೇ ಜಾಸ್‌ನ ಜೀವಾಳ. ನ್ಯೂಯಾರ್ಕಿನಲ್ಲಿ 1935ರಲ್ಲಿ ಆರಂಭವಾದ ವಿಲೇಜ್ ವ್ಯಾನ್‌ಗಾರ್ಡ್ ಒಂದು ನೆಲಮಾಳಿಗೆ. ಬಿಲ್ ಇವಾನ್ಸ್ ಮತ್ತು ಅವರ ಇಬ್ಬರು ಸಂಗಡಿಗರು 1961ರ ಜೂನ್ 25ರಂದು ಅಲ್ಲಿ ನುಡಿಸಿದ್ದರ ಧ್ವನಿಮುದ್ರಣದಲ್ಲಿ ಕೇಳುಗರ ಗಾಜಿನ ಲೋಟಗಳ ಸದ್ದೂ ಉಳಿದಿದೆ. ನಮ್ಮವರಿಗೂ ಈ ಸಂವಾದ ಹೊಸದಲ್ಲ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಕಲಾವಿದರೊಡನೆ ನುಡಿಸಿದರು. 1983ರ ‘ಜ್ಯೋತಿ’ ಅದರ ಫಲ. ಅದರಲ್ಲಿ ಆರ್. ಎ. ರಮಾಮಣಿಯವರ ಕಂಠಕ್ಕೆ ಸ್ಯಾಕ್ಸೊಫೋನ್ ಉತ್ತರಿಸುತ್ತದೆ. ಇಂಥ ಸಂಗೀತಕ್ಕೆ ಅಂಗಡಿಗಳಲ್ಲಿ ‘ವರ್ಲ್ಡ್ ಮ್ಯೂಸಿಕ್’ ಎಂಬ ಚೀಟಿ ಅಂಟಿಸುವುದುಂಟು. ಜೋಗಿಯ ಕಿನ್ನರಿಯೂ ಆ ಸಾಲಿನಲ್ಲಿ ಕೂರಬಲ್ಲದು.

ಟೆಲಿವಿಷನ್ ಕಾರ್ಯಕ್ರಮ ಮಾಡುವ ನಾನೇ ಇದನ್ನು ಹೇಳಬೇಕು: ಕ್ಯಾಮೆರಾ ನಿಮಗೆ ಜೋಗಿಯನ್ನು ತೋರಿಸೀತು, ಆದರೆ ಜೋಗಿಗೆ ನಿಮ್ಮನ್ನು ತೋರಿಸದು. ಆದ್ದರಿಂದ ನಿಮ್ಮ ಊರಿಗೆ, ಶಾಲೆಗೆ ಇಂಥ ಕಲಾವಿದರೊಬ್ಬರು ಬಂದಾಗ ಮೈಕ್ ಆರಿಸಿ, ಹತ್ತು ಅಡಿ ದೂರದಲ್ಲಿ ಸುತ್ತ ಕುಳಿತು ಕೇಳಿ. ಕೇಳುಗರಿಲ್ಲದೆ ಈ ಕಲೆಗೆ ಉಳಿವಿಲ್ಲ.