ಸರ್ಪಸುತ್ತು: ಹೆಸರು, ಕಾರಣ, ತಡೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಮನೆಗಳು ‘ಸರ್ಪಸುತ್ತು’ ಎಂದು ಕರೆಯುವ ಬೇನೆಯನ್ನು ನೆರೆಯ ಮರಾಠಿ ಮನೆಗಳು ‘ನಾಗೀಣ’ ಎನ್ನುತ್ತವೆ. ಎರಡು ಭಾಷೆಗಳೂ ಇದರಲ್ಲಿ ಹಾವನ್ನೇ ಕಂಡಿವೆ. ವೈದ್ಯಶಾಸ್ತ್ರದ ‘ಹರ್ಪಿಸ್ ಜೋಸ್ಟರ್’ ಎಂಬ ಹೆಸರೂ ಇದಕ್ಕೆ ಹೊರತಲ್ಲ. ಗ್ರೀಕಿನ ‘ಹರ್ಪೆಯ್ನ್’ ಎಂದರೆ ಹರಿದಾಡು. ಸಂಸ್ಕೃತದ ‘ಸೃಪ್’ ಧಾತುವೂ ಅದರಿಂದಾದ ‘ಸರ್ಪ’ವೂ ಅದರ ಜ್ಞಾತಿ ಶಬ್ದಗಳು. ‘ಜೋಸ್ಟರ್’ ಎಂದರೆ ನಡುಪಟ್ಟಿ, ಅಂದರೆ ಸುತ್ತು.

ಹೆಸರಿನಲ್ಲಿ ಹಾವಿದ್ದರೂ ಬೇನೆಗೂ ಹಾವಿಗೂ ಸಂಬಂಧವಿಲ್ಲ. ಸೀತಾಳೆ ಸಿಡುಬಿನ ವೈರಾಣುವೇ ಇದಕ್ಕೆ ಕಾರಣ. ಬಾಲ್ಯದ ಸಿಡುಬು ಮಾಸಿದ ಮೇಲೂ ವೈರಾಣು ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಸುಪ್ತವಾಗಿ ಉಳಿಯುತ್ತದೆ. ವಯಸ್ಸಾದಂತೆ, ಇಲ್ಲವೇ ಕಾಯಿಲೆ, ಔಷಧಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಎಚ್ಚೆತ್ತು, ಒಂದು ನರದ ಗುಂಟ ಚರ್ಮಕ್ಕೆ ಬರುತ್ತದೆ. ಈ ವಿವರಣೆಯನ್ನು 1965ರಲ್ಲಿ ಸ್ಪಷ್ಟವಾಗಿ ಮಂಡಿಸಿದವರು ಇಂಗ್ಲೆಂಡಿನ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್. ಮೊದಲು ಉರಿ, ನೋವು. ಕೆಲವು ದಿನಗಳಲ್ಲಿ ಅದೇ ಜಾಗದಲ್ಲಿ ನೀರ್ಗುಳ್ಳೆಗಳ ಸಾಲು.

ಹಾವಿನ ತಲೆ ಬಾಲ ಕೂಡಿದರೆ ಸಾವು ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಆದರೆ ಪ್ರತಿ ನರವೂ ಮೈಯ ಒಂದೇ ಪಾರ್ಶ್ವಕ್ಕೆ ಸೇರಿದ್ದು, ನಡುಗೆರೆಯಲ್ಲಿ ಮುಗಿಯುತ್ತದೆ. ಆದ್ದರಿಂದ ಗುಳ್ಳೆಗಳ ಸಾಲು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ನಿಜವಾದ ಅಪಾಯ ತಡಮಾಡುವುದರಲ್ಲಿದೆ. ವೈರಾಣುನಿರೋಧಕ ಮಾತ್ರೆಗಳನ್ನು ಗುಳ್ಳೆ ಕಂಡ 72 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಫಲ. ಕೆಮ್ಮಣ್ಣು ಬಳಿಸಿ, ಮಂತ್ರ ಹಾಕಿಸಿ ಕಾಯುವಷ್ಟರಲ್ಲಿ ಆ ಅವಧಿ ಮೀರುತ್ತದೆ. ಒಡೆದ ಗುಳ್ಳೆಗೆ ಮಣ್ಣು ತಾಗಿದರೆ ಕೀವಾಗುವ ಭಯವೂ ಉಂಟು. ಗುಳ್ಳೆ ಒಣಗಿದ ಮೇಲೂ ನರದ ನೋವು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯಬಹುದು. ಹಣೆ, ಮೂಗು, ಕಣ್ಣಿನ ಸುತ್ತ ಎದ್ದರೆ ದೃಷ್ಟಿಗೇ ಕುತ್ತು.

ಸರ್ಪಸುತ್ತು ಒಬ್ಬರಿಂದೊಬ್ಬರಿಗೆ ಸರ್ಪಸುತ್ತಾಗಿಯೇ ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ, ಹಿಂದೆ ಸಿಡುಬಾಗದ, ಅದರ ಲಸಿಕೆಯನ್ನೂ ಪಡೆಯದ ಮಕ್ಕಳಿಗೂ ಗರ್ಭಿಣಿಯರಿಗೂ ಸೀತಾಳೆ ಸಿಡುಬು ಬರಬಹುದು. ಗುಳ್ಳೆಗಳು ಹೊಪ್ಪಳೆಗಟ್ಟುವವರೆಗೆ ಅವನ್ನು ಮುಚ್ಚಿಡಬೇಕು, ಕೈ ತೊಳೆಯುತ್ತಿರಬೇಕು.

ತಡೆಗೆ ಲಸಿಕೆಯುಂಟು. 50 ದಾಟಿದವರಿಗೆ ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ಭಾರತದಲ್ಲಿ ಇದು 2023ರಿಂದ ದೊರೆಯುತ್ತಿದೆ. ಬೆಲೆ ದುಬಾರಿಯಾದ್ದರಿಂದ ಎಲ್ಲರಿಗೂ ಎಟುಕದು. ಮೂರು ದಿನಗಳ ಎಚ್ಚರ ಮಾತ್ರ ಎಲ್ಲರಿಗೂ ಸಾಧ್ಯ. ಮನೆಯ ಹಿರಿಯರು ಮೈಯ ಒಂದೇ ಮಗ್ಗುಲಲ್ಲಿ ಉರಿ, ಗುಳ್ಳೆ ಎಂದರೆ ಅವರನ್ನು ಅಂದೇ ವೈದ್ಯರ ಬಳಿಗೆ ಕರೆದೊಯ್ಯುವುದು ಓದಿದ ಮಕ್ಕಳ ಹೊಣೆ.