ಸಾಲಿ ಮಾಸ್ತರ್ ಕಟ್ಟಿದ ಕಾಲ್ಚೆಂಡಿನ ಕಾಲ

ಕ್ರಿಕೆಟ್ ಸ್ಕೋರ್ ಎಷ್ಟಾತು ಅಂತ ತೀನ್ ಕಂದಿಲ್‌ನಲ್ಲಿ ಕೇಳಿ ನೋಡ್ರಿ. ಪಾನ್ ಅಂಗಡಿಯವನೂ ಹೇಳುತ್ತಾನೆ, ದೇವದುರ್ಗದ ಬಸ್ ಕಾಯುವವನೂ ಹೇಳುತ್ತಾನೆ. ಆದರೆ ಭಾರತ ಕಾಲ್ಚೆಂಡಿನಲ್ಲಿ ಎರಡು ಸಲ ಏಷ್ಯಾಕ್ಕೇ ಮೊದಲಾಗಿತ್ತು, ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಹಿಡಿದಿತ್ತು ಅಂದರೆ ‘ಹೌದೇನ್ರಿ?’ ಅನ್ನುವವರೇ ಹೆಚ್ಚು. ಆ ಮೂರರ ಹಿಂದೆಯೂ ಇದ್ದವರು ಒಬ್ಬ ಸಾಲಿ ಮಾಸ್ತರ್. ಹೆಸರು ಸೈಯದ್ ಅಬ್ದುಲ್ ರಹೀಮ್. ಊರು ಹೈದ್ರಾಬಾದ್.

ಹೈದ್ರಾಬಾದಿನವರಾದರೆ ನಮಗೇನು ಅನ್ನುವಂತಿಲ್ಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವತನಕ ರಾಯಚೂರು, ಮಾನ್ವಿ, ದೇವದುರ್ಗ ಎಲ್ಲವೂ ಹೈದ್ರಾಬಾದ್ ರಾಜ್ಯದವೇ. ರಹೀಮ್ ಸಾಹೇಬರು ಹೈದ್ರಾಬಾದ್ ಫುಟ್‌ಬಾಲ್ ಅಸೋಸಿಯೇಷನ್ ಕಾರ್ಯದರ್ಶಿ ಆದದ್ದು 1943ರಲ್ಲಿ. ಹಾಗೆ ನೋಡಿದರೆ 13 ವರ್ಷ ಈ ಸೀಮೆಯವರಿಗೂ ಅವರು ತಮ್ಮ ರಾಜ್ಯದ ಮನುಷ್ಯನೇ.

1950ರಿಂದ ಅವರು ಹೈದ್ರಾಬಾದ್ ಸಿಟಿ ಪೊಲೀಸ್ ತಂಡಕ್ಕೆ ಕೋಚ್. ಮುಂಬಯಿಯ ರೋವರ್ಸ್ ಕಪ್ಪನ್ನು ಆ ತಂಡ 1950ರಿಂದ 1954ರವರೆಗೆ ಬಿಡದೆ ಐದು ವರ್ಷ ಗೆದ್ದಿತು. ಕಲ್ಕತ್ತದ ದೊಡ್ಡ ಕ್ಲಬ್ಬುಗಳೇ ಬೆರಗಾದವು!

1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟ. ಫೈನಲ್‌ನಲ್ಲಿ ಇರಾನ್ ವಿರುದ್ಧ 1–0. ಬಂಗಾರ ಬಂತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ 10–1ರಿಂದ ಬಡಿದು ಕಳಿಸಿತು. ನಮ್ಮ ಹಲವು ಆಟಗಾರರು ಆಡಿದ್ದು ಬರಿಗಾಲಲ್ಲಿ. ರಹೀಮ್ ಸಾಹೇಬರು ಸೋಲಿಗೆ ನೆಪ ಹುಡುಕಲಿಲ್ಲ, ಆಟವನ್ನೇ ಬದಲಿಸಿದರು.

ಅವರ ಪಾಠ ಸರಳ. ಚೆಂಡು ಕಾಲಿಗೆ ಅಂಟಿಸಿಕೊಂಡು ಮೆರೆಯಬೇಡ, ಬಂದ ಕೂಡಲೇ ಜೊತೆಗಾರನಿಗೆ ಕೊಡು. ಇದನ್ನು ಕಲಿಸಲು ಡ್ರಿಬ್ಲಿಂಗ್ ಮಾಡುವಂತಿಲ್ಲ ಅಂತ ಟೂರ್ನಮೆಂಟ್ ನಡೆಸಿದರು. ಬಲಗಾಲಿನವ ಎಡಗಾಲಲ್ಲೇ ಒದೆಯಬೇಕು, ಎಡಗಾಲಿನವ ಬಲಗಾಲಲ್ಲೇ ಒದೆಯಬೇಕು ಅಂತ ಇನ್ನೊಂದು ನಡೆಸಿದರು. ಹುಡುಗರಿಗೆ ಎರಡೂ ಕಾಲು ಪಳಗಿದವು.

ಫಲ ಸಿಕ್ಕಿದ್ದು ಮೆಲ್ಬೋರ್ನ್‌ನಲ್ಲಿ. ರಾಯಚೂರು ಮೈಸೂರು ರಾಜ್ಯ ಸೇರಿ ಸರಿಯಾಗಿ ಒಂದು ತಿಂಗಳಿಗೆ, 1956ರ ಡಿಸೆಂಬರ್ 1ರಂದು, ಭಾರತ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4–2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಆ ತಂಡದಲ್ಲಿ ಹೈದ್ರಾಬಾದಿನ ಅಜೀಜುದ್ದೀನ್, ನೂರ್ ಮಹಮ್ಮದ್, ಬಲರಾಮ್ ಇದ್ದರು. ಬೆಂಗಳೂರಿನ ಕೆಂಪಯ್ಯ ಇದ್ದರು. ಅಂದರೆ ಹಳೇ ರಾಜ್ಯದವರೂ ಹೊಸ ರಾಜ್ಯದವರೂ ಒಂದೇ ಅಂಗಿಯಲ್ಲಿ! ಸೆಮಿಫೈನಲ್‌ನಲ್ಲಿ ಮತ್ತೆ ಯುಗೊಸ್ಲಾವಿಯಾ ಎದುರಾಯಿತು. ಈ ಸಲ ಅಂತರ 4–1 ಅಷ್ಟೇ.

ಕಡೆಯ ಗೆಲುವು 1962ರ ಜಕಾರ್ತಾ. ಸಾಹೇಬರಿಗೆ ಆಗಲೇ ಆರೋಗ್ಯ ಕೆಟ್ಟಿತ್ತು. ಹಿಂದಿನ ಸಾಲಿನ ಜರ್ನೈಲ್ ಸಿಂಗ್‌ಗೆ ತಲೆ ಒಡೆದು ಹೊಲಿಗೆ ಬಿದ್ದಿತ್ತು. ಸಾಹೇಬರು ಅವರನ್ನು ಮುಂದಿನ ಸಾಲಿಗೆ ತಂದು ನಿಲ್ಲಿಸಿದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಗ್ಯಾಲರಿಯ ಜನವೆಲ್ಲ ಭಾರತದ ವಿರುದ್ಧ ಕೂಗುತ್ತಿದ್ದರು. ಪಿ.ಕೆ. ಬ್ಯಾನರ್ಜಿ ಒಂದು, ಅದೇ ಜರ್ನೈಲ್ ಸಿಂಗ್ ಒಂದು ಗೋಲು ಹೊಡೆದರು. ದಕ್ಷಿಣ ಕೊರಿಯಾ 2–1ರಿಂದ ಸೋತಿತು.

ಒಂಬತ್ತು ತಿಂಗಳಲ್ಲಿ, 1963ರ ಜೂನ್ 11ರಂದು, ಕ್ಯಾನ್ಸರ್ ಅವರನ್ನು ಒಯ್ದಿತು. ವಯಸ್ಸು ಇನ್ನೂ 53. ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದೇ 1985ರಲ್ಲಿ. 2024ರಲ್ಲಿ ‘ಮೈದಾನ್’ ಎಂಬ ಹಿಂದಿ ಸಿನಿಮಾ ಬಂದ ಮೇಲೆಯೇ ಎಷ್ಟೋ ಜನಕ್ಕೆ ಇವರ ಹೆಸರು ತಿಳಿದದ್ದು. ಅವರು ಹೋದ ಮೇಲೆ ಏಷ್ಯನ್ ಬಂಗಾರ ಮತ್ತೆ ಬರಲಿಲ್ಲ. ಒಲಿಂಪಿಕ್ಸ್ ಕಾಲ್ಚೆಂಡಿಗೆ ಭಾರತ ಕಡೆಗೆ ಹೋದದ್ದು ಅವರೇ ಕರೆದೊಯ್ದ 1960ರ ರೋಮ್‌ಗೆ.

ಹಾಗಂತ ಕೈ ಚೆಲ್ಲಿ ಕೂಡಬೇಕಿಲ್ಲ. ಕರ್ನಾಟಕ ತಂಡ 54 ವರ್ಷದ ಮೇಲೆ 2023ರ ಮಾರ್ಚ್‌ನಲ್ಲಿ ಸಂತೋಷ್ ಟ್ರೋಫಿ ಗೆದ್ದು ತೋರಿಸಿದೆ. ಅದರಲ್ಲಿ ಮಾನ್ವಿ, ದೇವದುರ್ಗದ ಹುಡುಗನೂ ಒಂದು ದಿನ ಆಡಬಾರದೇಕೆ? ರಹೀಮ್ ಸಾಹೇಬರ ಪಾಠಕ್ಕೆ ಗ್ರಾಂಟ್ ಬೇಕಿಲ್ಲ, ಟೆಂಡರ್ ಬೇಕಿಲ್ಲ. ಒಂದು ಚೆಂಡು, ಸಾಲಿ ಬಯಲು, ಸಂಜೆ ಒಂದು ತಾಸು ನಿಲ್ಲುವ ಒಬ್ಬ ಮಾಸ್ತರ್ ಸಾಕು. ಡ್ರಿಬ್ಲಿಂಗ್ ಇಲ್ಲದ ಒಂದು ಟೂರ್ನಮೆಂಟ್, ಎಡಗಾಲಿನದೊಂದು ಟೂರ್ನಮೆಂಟ್ ಈ ವರ್ಷ ತಾಲೂಕಿನಲ್ಲಿ ನಡೆದರೆ ಖರ್ಚು ಕಪ್ಪಿನದಷ್ಟೇ. ಅದನ್ನು ಕೊಡಿಸುವ ಅಂಗಡಿಕಾರರಿಗೆ ನಮ್ಮಲ್ಲಿ ಬರವೇನೂ ಇಲ್ಲ.