ಹಳೆಯ ಮೋಟಾರಿನ ಸಂದುಗಳು

ಜಮಖಂಡಿ, ಮುಧೋಳಗಳು 1948ರವರೆಗೆ ಸಂಸ್ಥಾನಗಳಾಗಿದ್ದುವು. ಆ ಕಾಲದ ಎಷ್ಟೋ ಮೋಟಾರುಗಳಲ್ಲಿ ಮರದ ಚೌಕಟ್ಟಿಗೆ ತಗಡು ಹೊದಿಸುತ್ತಿದ್ದರು. ಭಾರವನ್ನು ಹೊರುತ್ತಿದ್ದುದು ಕೆಳಗಿನ ಚಾಸಿಸ್. 1957ರಲ್ಲಿ ಆರಂಭವಾಗಿ 2014ರಲ್ಲಿ ನಿಂತ ಅಂಬಾಸಿಡರ್ ಹಾಗಲ್ಲ. ಅದರಲ್ಲಿ ಒಡಲೇ ಚಾಸಿಸ್; ಬೆಸುಗೆಯಿಂದ ಕೂಡಿದ ತಗಡುಗಳೇ ಭಾರವನ್ನು ಹೊರಬೇಕು. ಆದುದರಿಂದ ಸಂದು ಕೆಟ್ಟರೆ ಕೆಡುವುದು ಅಂದವಷ್ಟೇ ಅಲ್ಲ, ಬಂಡಿಯ ಬಲವೇ.

ರಬಕವಿ-ಬನಹಟ್ಟಿ, ಬೀಳಗಿಗಳ ಕಡೆ ಮಳೆಗಾಲದಲ್ಲಿ ಓಡಾಡಿದವರು ಎರೆಮಣ್ಣಿನ ಗುಣವನ್ನು ಬಲ್ಲರು. ಚಕ್ರದ ಮೇಲಣ ಕಮಾನಿಗೆ ಮೆತ್ತಿದ ಹೆಂಟೆ ಹೊರಗೆ ಒಣಗಿದಂತೆ ತೋರಿದರೂ ಒಳಗೆ ಹಸಿಯನ್ನು ಬಹುದಿನ ಹಿಡಿದಿರುತ್ತದೆ. ಆ ಹಸಿ ಸಂದಿಗೆ ಇಳಿದು ತುಕ್ಕನ್ನು ಬೆಳೆಸುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ ತಗಡುಗಳು ಉಬ್ಬಿ ಬೇರ್ಪಡುತ್ತವೆ.

ಬಿರಿದ ಹಳೆಯ ಅಂಟಿನ ಮೇಲೆಯೇ ಹೊಸ ಸೀಲರನ್ನು ಬಳಿದು ಬಣ್ಣ ಹೊಡೆದರೆ ನೋಟಕ್ಕೇನೋ ಚೆನ್ನ. ರೋಗ ಮಾತ್ರ ಒಳಗೇ ಉಳಿಯಿತು! ಹಳೆಯದನ್ನು ಪೂರ್ತಿ ಕೆರೆದು, ತುಕ್ಕು ತಿಂದ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆದು, ಎಪಾಕ್ಸಿ ಪ್ರೈಮರ್ ಆರಿದ ಮೇಲೆ ಪಾಲಿಯುರಿಥೇನ್ ಸೀಲರನ್ನು ಸಂದಿನುದ್ದಕ್ಕೂ ಒತ್ತಬೇಕು. ಪುಟ್ಟಿ ಇಲ್ಲಿ ಸಲ್ಲದು. ಗಡುಸಾದ ಅದು ಬಂಡಿ ಕುಲುಕಿದಾಗ ಬಿರಿಯುತ್ತದೆ. ಸೀಲರ್ ರಬ್ಬರಿನಂತೆ ಬಾಗಿಕೊಳ್ಳುತ್ತದೆ.

ಉತ್ಸಾಹದ ಭರದಲ್ಲಿ ಬಾಗಿಲಿನ ಅಡಿಯ ಸಣ್ಣ ಕಿಂಡಿಗಳನ್ನೂ ಮುಚ್ಚಿಬಿಡುವವರುಂಟು. ಗಾಜಿನ ಅಂಚಿನಿಂದ ಒಳಗಿಳಿದ ಮಳೆನೀರು ಹೊರಹೋಗಬೇಕಾದುದು ಅಲ್ಲಿಂದಲೇ.